ಬಿಟ್ಟದ್ದೇ ತಂತ್ರ: ಕಿರುಚಿತ್ರದ ಕಸುಬನ್ನು ನೋಡುವ ಬಗೆ

ಕನ್ನಡದಲ್ಲಿ ಕಿರುಚಿತ್ರಗಳ ಬಗ್ಗೆ ಆಡುವ ಮಾತಿಗೆ ಒಂದು ಅಚ್ಚು ಬಿದ್ದುಹೋಗಿದೆ. ಕಥೆ ಮನಮುಟ್ಟುವಂತಿದೆ, ಛಾಯಾಗ್ರಹಣ ಕಣ್ಣಿಗೆ ಹಬ್ಬ, ಹಿನ್ನೆಲೆ ಸಂಗೀತ ಪೂರಕವಾಗಿದೆ, ಸಂಕಲನ ಇನ್ನೂ ಚುರುಕಾಗಬಹುದಿತ್ತು, ಕೊನೆಗೊಂದು ಸಂದೇಶವೂ ಇದೆ. ಸ್ಪರ್ಧೆಗಳಲ್ಲಿ ತೀರ್ಪುಗಾರರ ಕೈಗೆ ಕೊಡುವ ಹಾಳೆಯಲ್ಲೂ ಸಾಮಾನ್ಯವಾಗಿ ಇಂಥವೇ ಕಾಲಂಗಳು, ಸಂಭಾಷಣೆ ಮತ್ತು ನಟನೆಯೂ ಸೇರಿ, ಒಂದೊಂದಕ್ಕೆ ಹತ್ತತ್ತು ಅಂಕ. ಇಂಥ ಹಾಳೆ ಹಿಡಿದುಕೊಂಡು ಸತ್ಯಜಿತ್ ರೇ ಅವರ ‘ಟು’ ನೋಡಲು ಕೂತರೆ ಸಂಭಾಷಣೆಗೆ ಸೊನ್ನೆ ಕೊಡಬೇಕಾಗುತ್ತದೆ. ಕ್ರಿಸ್ ಮಾರ್ಕರ್ ಅವರ ‘ಲಾ ಜೆಟೆ’ಗೆ ನಟರ ಚಲನವಲನದಲ್ಲಿ ಸೊನ್ನೆ. ಹರ್ಟ್ಸ್ ಫ್ರಾಂಕ್ ಅವರ ‘ಟೆನ್ ಮಿನಿಟ್ಸ್ ಓಲ್ಡರ್’ಗೆ ಸಂಕಲನದಲ್ಲಿ ಸೊನ್ನೆ. ಮೂರೂ ಫೇಲು. ಮೂರೂ ಕಿರುಚಿತ್ರದ ಚರಿತ್ರೆಯಲ್ಲಿ ಅಳಿಸಲಾಗದ ಹೆಸರುಗಳು.

ಹಾಳೆಯ ತಪ್ಪೇನೆಂದರೆ, ಅದು ತಂತ್ರಗಳನ್ನು ಇಲಾಖೆಗಳಂತೆ ಬೇರೆಬೇರೆ ಕೂಡಿಸಿ ಲೆಕ್ಕ ಹಾಕುತ್ತದೆ. ಎರಡೂವರೆ ಗಂಟೆಯ ಚಿತ್ರದಲ್ಲಿ ಅದು ಹೇಗೋ ನಡೆದೀತು. ಅಲ್ಲಿ ಒಂದು ಹಾಡು ಸೋತರೆ ಒಂದು ದೃಶ್ಯ ಎತ್ತಿ ಹಿಡಿಯುತ್ತದೆ, ನಾಯಕ ಸಪ್ಪೆಯಾದರೆ ಪೋಷಕ ನಟರು ಕಾಪಾಡುತ್ತಾರೆ. ಹತ್ತು ನಿಮಿಷದ ಚಿತ್ರಕ್ಕೆ ಆ ಅವಕಾಶವಿಲ್ಲ. ಉಳಿದುಕೊಂಡ ಕಿರುಚಿತ್ರಗಳನ್ನು ಒಟ್ಟಿಗಿಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು: ನಿರ್ದೇಶಕರು ಚಿತ್ರೀಕರಣಕ್ಕೆ ಹೊರಡುವ ಮೊದಲೇ ಸಿನಿಮಾಕ್ಕೆ ಸಹಜವಾಗಿ ಒದಗಿಬರುವ ಯಾವುದೋ ಒಂದು ದೊಡ್ಡ ಅನುಕೂಲವನ್ನು ಕೈಬಿಟ್ಟಿರುತ್ತಾರೆ. ಮಾತನ್ನೋ, ಚಲನೆಯನ್ನೋ, ಕಟ್ ಅನ್ನೋ, ಹಗಲನ್ನೋ. ಮಿಕ್ಕ ತಂತ್ರಗಳೆಲ್ಲ ಆ ತೆರವಿನಲ್ಲಿ ಕೆಲಸಕ್ಕೆ ನಿಲ್ಲುತ್ತವೆ. ಹಾಗಾಗಿ ಕಿರುಚಿತ್ರದ ತಂತ್ರವನ್ನು ವಿಶ್ಲೇಷಿಸುವವರು ಮೊದಲು ಕೇಳಬೇಕಾದ್ದು ಇಲ್ಲಿ ಏನೇನಿದೆ ಎಂದಲ್ಲ, ಏನನ್ನು ಬಿಟ್ಟಿದ್ದಾರೆ ಎಂದು.

ಕಿರುಚಿತ್ರ ಎಂದರೆ ಎಷ್ಟು ಕಿರಿದು ಎನ್ನುವುದಕ್ಕೆ ಒಂದೊಂದು ಕಡೆ ಒಂದೊಂದು ಅಳತೆ. ಆಸ್ಕರ್ ಕೊಡುವ ಅಕಾಡೆಮಿಗೆ ಶೀರ್ಷಿಕೆಗಳೂ ಸೇರಿ 40 ನಿಮಿಷ ಮೀರಬಾರದು. ಕಾನ್ ಉತ್ಸವದ ಕಿರುಚಿತ್ರ ಸ್ಪರ್ಧೆಗೆ 15 ನಿಮಿಷವೇ ಗಡಿ. ಸಿನಿಮಾ ಹುಟ್ಟಿದಾಗ ಇದ್ದದ್ದೆಲ್ಲ ಕಿರುಚಿತ್ರವೇ. 1902ರಲ್ಲಿ ಜಾರ್ಜ್ ಮೆಲಿಯೆ ಮಾಡಿದ ‘ಚಂದ್ರಯಾತ್ರೆ’ ಹದಿನೈದು ನಿಮಿಷದ ಒಳಗೇ ಮುಗಿಯುತ್ತದೆ. ಕ್ಯಾಮೆರಾ ನಾಟಕದ ಪ್ರೇಕ್ಷಕನ ಹಾಗೆ ಒಂದೇ ಕಡೆ ಕೂತಿರುತ್ತದೆ. ಚಂದ್ರವಾಸಿಗಳು ಕೊಡೆಯ ಏಟಿಗೆ ಹೊಗೆಯಾಗಿ ಮಾಯವಾಗುವುದು ಕ್ಯಾಮೆರಾ ನಿಲ್ಲಿಸಿ, ನಟನನ್ನು ಆಚೆ ಕಳಿಸಿ, ಮತ್ತೆ ಚಾಲೂ ಮಾಡಿದ ಕೈಚಳಕ. ಆದರೆ ಮೆಲಿಯೆಯ ಕಾಲದಲ್ಲಿ ಕಿರಿದಾಗಿರುವುದು ಆಯ್ಕೆಯಾಗಿರಲಿಲ್ಲ, ಸಿನಿಮಾದ ಅಳತೆಯೇ ಅಷ್ಟಿತ್ತು. ಉದ್ದದ ಚಿತ್ರ ಮಾಡಬಲ್ಲವರು ಬೇಕೆಂದೇ ಚಿಕ್ಕದನ್ನು ಮಾಡಿದಾಗ ಮಾತ್ರ ಏನನ್ನು ಬಿಟ್ಟರು ಎಂಬ ಪ್ರಶ್ನೆಗೆ ಅರ್ಥ ಬರುತ್ತದೆ. ಆದ್ದರಿಂದ ರೇ ಅವರಿಂದ ಶುರುಮಾಡುವುದು ಸರಿ.

‘ಟು’ 1964ರದು; ‘ಚಾರುಲತಾ’ ಬಂದ ವರ್ಷವೇ. ಎಸ್ಸೊ ತೈಲ ಕಂಪನಿ ಅಮೆರಿಕದ ಟೆಲಿವಿಷನ್‌ಗಾಗಿ ಪ್ರಾಯೋಜಿಸುತ್ತಿದ್ದ ಸರಣಿಯೊಂದಕ್ಕೆ ಭಾರತದಿಂದ ಒಂದು ಕಿರುಚಿತ್ರ ಬೇಕಿತ್ತು. ಇಂಗ್ಲಿಷಿನಲ್ಲಿ ಮಾಡಿಕೊಡಿ ಎಂಬ ಬೇಡಿಕೆ. ಬಂಗಾಳಿ ಪಾತ್ರಗಳ ಬಾಯಲ್ಲಿ ಇಂಗ್ಲಿಷ್ ಆಡಿಸಲು ರೇ ಅವರಿಗೆ ಮನಸ್ಸು ಒಪ್ಪಲಿಲ್ಲ. ಅವರು ಮಾತನ್ನೇ ಬಿಟ್ಟರು. ಕಾಲು ಗಂಟೆ ತುಂಬದ ಕಪ್ಪು-ಬಿಳುಪು ಚಿತ್ರ, ಇಬ್ಬರು ಹುಡುಗರು, ಒಂದೇ ಒಂದು ಮಾತಿಲ್ಲ. ಕಥೆ, ಸಂಗೀತ, ನಿರ್ದೇಶನ ಅವರದೇ; ಕ್ಯಾಮೆರಾ ಸೌಮೇಂದು ರಾಯ್, ಸಂಕಲನ ದುಲಾಲ್ ದತ್ತ.

ದೊಡ್ಡ ಮನೆಯ ಹುಡುಗ ಬಾಲ್ಕನಿಯಿಂದ ಕೈಬೀಸುತ್ತಾನೆ, ಕಾರು ಹೊರಟುಹೋಗುತ್ತದೆ. ಅವನ ಕೈಯಲ್ಲಿ ಕೋಕಾಕೋಲಾ ಬಾಟಲಿ. ಒಳಗೆ ಹಿಂದಿನ ದಿನವೋ ಏನೋ ನಡೆದ ಪಾರ್ಟಿಯ ಬಲೂನುಗಳು ಇನ್ನೂ ನೇತಾಡುತ್ತಿವೆ. ಅವನು ಬೆಂಕಿಕಡ್ಡಿ ಗೀರಿ ಅವನ್ನು ಒಂದೊಂದಾಗಿ ಒಡೆಯುತ್ತಾನೆ. ಇಷ್ಟರಲ್ಲಿ ನಮಗೆ ಮೂರು ಸಂಗತಿ ತಿಳಿದಿವೆ: ಮನೆಯಲ್ಲಿ ದೊಡ್ಡವರಿಲ್ಲ, ಹುಡುಗನಿಗೆ ಬೇಸರ ಹತ್ತಿದೆ, ಕೈಗೆ ಸಿಕ್ಕಿದ್ದನ್ನು ಹಾಳುಮಾಡುವುದೇ ಅವನ ಆಟ. ಸಂಭಾಷಣೆ ಇದ್ದಿದ್ದರೆ ಅಮ್ಮ ಕಾರಿನ ಬಾಗಿಲಲ್ಲಿ ನಿಂತು ‘ಜಾಣ ಆಗಿರು, ಬೇಗ ಬರ್ತೀನಿ’ ಅನ್ನುತ್ತಿದ್ದಳು, ಅಡುಗೆಯವಳು ಬೈಯುತ್ತಿದ್ದಳು. ಇಲ್ಲಿ ಅದನ್ನೆಲ್ಲ ವಸ್ತುಗಳು ಹೇಳಬೇಕು, ಹೇಳುತ್ತವೆ. ಕಲಾ ನಿರ್ದೇಶನವೇ ಇಲ್ಲಿ ಸಂಭಾಷಣೆ.

ಹೊರಗಿನಿಂದ ಕೊಳಲಿನ ಸದ್ದು ಬರುತ್ತದೆ. ಹುಡುಗ ಕಿಟಕಿಗೆ ಹೋಗಿ ಬಗ್ಗಿ ನೋಡುತ್ತಾನೆ. ಕೆಳಗೆ ಬಯಲು, ಗುಡಿಸಲು, ಅದರ ಮುಂದೆ ಕೊಳಲು ಊದುತ್ತಿರುವ ಇನ್ನೊಬ್ಬ ಹುಡುಗ. ಇಲ್ಲಿಂದ ಮುಂದೆ ಇಡೀ ಚಿತ್ರ ಎರಡು ಕೋನಗಳ ಮೇಲೆ ನಿಂತಿದೆ. ಮೇಲಿನವನ ಕಣ್ಣಿನಿಂದ ಕೆಳಗಿನವನು ಚಿಕ್ಕವನಾಗಿ, ಬಯಲಿನ ನಡುವೆ ಒಂಟಿಯಾಗಿ ಕಾಣುತ್ತಾನೆ. ಕೆಳಗಿನವನ ಕಣ್ಣಿನಿಂದ ಮೇಲಿನವನು ಗೋಡೆಯ ನಡುವಿನ ಕಿಟಕಿಯಲ್ಲಿ ಸಿಕ್ಕಿಕೊಂಡಂತೆ ಕಾಣುತ್ತಾನೆ. ಮೇಲಿನಿಂದ ತೆಗೆದರೆ ದುರ್ಬಲ, ಕೆಳಗಿನಿಂದ ತೆಗೆದರೆ ಬಲಶಾಲಿ ಎಂದು ಸಿನಿಮಾ ತರಗತಿಯ ಮೊದಲ ವಾರದಲ್ಲಿ ಹೇಳಿಕೊಡುತ್ತಾರಲ್ಲ, ಆ ಪಾಠಕ್ಕೆ ‘ಟು’ ಒಳ್ಳೆಯ ಉದಾಹರಣೆ ಎಂದು ಬಹಳ ಮಂದಿ ಬರೆದಿದ್ದಾರೆ. ನನಗೆ ಅದು ಅರ್ಧ ಮಾತ್ರ ಸರಿ ಅನ್ನಿಸುತ್ತದೆ. ಕೋನ ಬಲವನ್ನು ಹೇಳುತ್ತಿರಬಹುದು, ಆದರೆ ಚೌಕಟ್ಟು ಅದರ ವಿರುದ್ಧ ಸಾಕ್ಷಿ ಹೇಳುತ್ತದೆ. ಕೆಳಗಿನವನ ಸುತ್ತ ಆಕಾಶ ಮತ್ತು ನೆಲ. ಮೇಲಿನವನ ಸುತ್ತ ಸಿಮೆಂಟು. ಒಂದೇ ಶಾಟಿನಲ್ಲಿ ಎರಡು ಎದುರುಬದುರು ಮಾತು ಹೇಳಿಸಿರುವುದೇ ರೇ ಅವರ ಜಾಣ್ಮೆ.

ಮುಂದಿನದು ಪೈಪೋಟಿ. ಕೊಳಲಿಗೆ ಆಟಿಕೆಯ ತುತ್ತೂರಿ, ಡೋಲಿಗೆ ಕೀಲಿ ಕೊಟ್ಟರೆ ಡೋಲು ಬಾರಿಸುವ ಮಂಗ, ಮುಖವಾಡಕ್ಕೆ ಮುಖವಾಡ, ಬಿಲ್ಲಿಗೆ ಬಂದೂಕು. ಶಾಟು, ಎದುರು ಶಾಟು, ಮತ್ತೆ ಶಾಟು. ಇಬ್ಬರನ್ನೂ ಸಮಾನವಾಗಿ ಕಾಣಿಸುವ ಒಂದು ನೆಲೆಯನ್ನು ಸಂಕಲನ ಎಲ್ಲಿಯೂ ಕೊಡುವುದಿಲ್ಲ. ಬಡ ಹುಡುಗ ಸೋತು ಒಳಗೆ ಹೋಗುತ್ತಾನೆ. ಆಮೇಲೆ ಕಿಟಕಿಯಾಚೆ ಆಕಾಶದಲ್ಲಿ ಗಾಳಿಪಟ. ಅಂಗಡಿಯಿಂದ ತಂದ ಆಟಿಕೆಗಳಲ್ಲಿ ಇದಕ್ಕೆ ಜವಾಬಿಲ್ಲ. ಮೇಲಿನ ಹುಡುಗ ಕವಣೆ ಹೊಡೆಯುತ್ತಾನೆ, ತಗಲುವುದಿಲ್ಲ. ಏರ್‌ಗನ್ ತರುತ್ತಾನೆ, ಗಾಳಿಪಟ ಹರಿದು ಬೀಳುತ್ತದೆ. ಕೆಳಗಿನ ಹುಡುಗ ಹರಿದ ಪಟ ಹಿಡಿದು ಮೇಲೆ ನೋಡುವ ಮುಖ ಇದೆಯಲ್ಲ, ಅಲ್ಲಿ ರೇ ಸಂಗೀತವನ್ನು ಹಚ್ಚಿ ನಮ್ಮನ್ನು ಅಳಿಸಲು ಹೋಗುವುದಿಲ್ಲ.

ಚಿತ್ರದ ಅಸಲಿ ತಂತ್ರ ಕೊನೆಯ ಎರಡು ನಿಮಿಷದಲ್ಲಿದೆ, ಅದು ಶಬ್ದದ್ದು. ಗೆದ್ದ ಹುಡುಗ ಆಟಿಕೆಗಳನ್ನೆಲ್ಲ ಒಟ್ಟಿಗೆ ಚಾಲೂ ಮಾಡುತ್ತಾನೆ. ಕಟಕಟ, ಗರಗರ, ಡಬಡಬ. ಕೋಣೆ ತುಂಬ ಗದ್ದಲ. ಆ ಗದ್ದಲದ ಒಳಗಿನಿಂದ ಮತ್ತೆ ಕೊಳಲು ಕೇಳುತ್ತದೆ. ಅದು ಗಟ್ಟಿಯಾಗಿಯೂ ಇಲ್ಲ, ಗದ್ದಲವನ್ನು ಮುಳುಗಿಸುವುದೂ ಇಲ್ಲ, ಆದರೆ ನಮ್ಮ ಕಿವಿ ಅದನ್ನೇ ಹಿಡಿಯುತ್ತದೆ. ರೋಬೋಟು ತನ್ನ ಪಾಡಿಗೆ ನಡೆದುಬಂದು ಹುಡುಗ ಕಟ್ಟಿದ್ದ ಗೋಪುರವನ್ನು ಕೆಡವುತ್ತದೆ. ಮಾತು ಬಿಟ್ಟದ್ದರಿಂದಲೇ ಕೊಳಲಿಗೂ ಯಂತ್ರದ ಸದ್ದಿಗೂ ನಡೆಯುವ ಈ ಜಗಳ ನಮಗೆ ಕೇಳಿಸುತ್ತದೆ. ಚಿತ್ರದುದ್ದಕ್ಕೂ ಪಾತ್ರಗಳು ಮಾತಾಡುತ್ತಿದ್ದರೆ ಶಬ್ದ ಹಿನ್ನೆಲೆಗೆ ಸರಿದುಬಿಡುತ್ತಿತ್ತು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ತೈಲ ಕಂಪನಿಯ ದುಡ್ಡಿನಲ್ಲೇ ರೇ, ಬಂದೂಕು ಹಿಡಿದವನು ಗೆದ್ದೂ ಸೋಲುವ ಇಂಥ ಚಿತ್ರ ಮಾಡಿಕೊಟ್ಟರು ಎಂಬುದನ್ನು ನೆನೆದರೆ ಸಣ್ಣಗೆ ನಗುವೂ ಬರುತ್ತದೆ.

ಕಟ್ ಮಾಡಬೇಕೋ ಬೇಡವೋ ಎನ್ನುವುದು ಸಿನಿಮಾದ ಹಳೆಯ ವ್ಯಾಜ್ಯ. ಕಿರುಚಿತ್ರದಲ್ಲಿ ಅದು ಇನ್ನಷ್ಟು ಹರಿತವಾಗುತ್ತದೆ. ಅಬ್ಬಾಸ್ ಕಿಯರೊಸ್ತಮಿ 1970ರಲ್ಲಿ ಟೆಹರಾನಿನ ಮಕ್ಕಳ ಸಂಸ್ಥೆ ‘ಕಾನೂನ್’ಗಾಗಿ ತಮ್ಮ ಮೊದಲ ಚಿತ್ರ ‘ರೊಟ್ಟಿ ಮತ್ತು ಓಣಿ’ ಮಾಡಿದರು. ಕಥೆ ಒಂದು ಸಾಲಿನದು: ರೊಟ್ಟಿ ಹಿಡಿದು ಮನೆಗೆ ಹೊರಟ ಹುಡುಗನಿಗೆ ಓಣಿಯಲ್ಲಿ ಒಂದು ನಾಯಿ ಅಡ್ಡಬರುತ್ತದೆ. ಹುಡುಗನನ್ನೂ ನಾಯಿಯನ್ನೂ ಒಂದೇ ಶಾಟಿನಲ್ಲಿ, ಕಟ್ ಮಾಡದೆ ತೆಗೆಯಬೇಕೆಂದು ಕಿಯರೊಸ್ತಮಿ ಹಟ ಹಿಡಿದರು. ಅನುಭವಿ ಛಾಯಾಗ್ರಾಹಕರದು ಎದುರು ವಾದ: ಹುಡುಗನದು ಬೇರೆ, ನಾಯಿಯದು ಬೇರೆ ತೆಗೆಯೋಣ, ಸಂಕಲನದ ಮೇಜಿನ ಮೇಲೆ ಕೂಡಿಸಿಕೊಂಡರಾಯಿತು. ಕಸುಬಿನ ಲೆಕ್ಕದಲ್ಲಿ ಛಾಯಾಗ್ರಾಹಕರದು ಸರಿ. ನಾಯಿಗೆ ನಟನೆ ಹೇಳಿಕೊಡಲು ಆಗುತ್ತದೆಯೇ? ಆದರೆ ಕಟ್ ಮಾಡಿದ ತಕ್ಷಣ ಹುಡುಗನಿಗೂ ನಾಯಿಗೂ ನಡುವಿನ ಆ ಹತ್ತು ಹೆಜ್ಜೆ ಮಾಯವಾಗುತ್ತದೆ. ಚಿತ್ರದ ವಸ್ತು ಆ ಹತ್ತು ಹೆಜ್ಜೆಯೇ. ಬೀದಿನಾಯಿಗೆ ಹೆದರಿ ಓಣಿಯ ತುದಿಯಲ್ಲಿ ನಿಂತ ಯಾರಿಗೂ ಇದನ್ನು ವಿವರಿಸಬೇಕಿಲ್ಲ. ಹುಡುಗ ರೊಟ್ಟಿಯ ತುಂಡು ಎಸೆದು ದಾಟುತ್ತಾನೆ, ಮನೆಯ ಬಾಗಿಲು ಮುಚ್ಚುತ್ತದೆ, ನಾಯಿ ಅಲ್ಲೇ ಉಳಿಯುತ್ತದೆ, ಬಟ್ಟಲು ಹಿಡಿದ ಇನ್ನೊಬ್ಬ ಹುಡುಗ ಅದೇ ಓಣಿಗೆ ಬರುತ್ತಾನೆ.

ಇದಕ್ಕೆ ತದ್ವಿರುದ್ಧ ಡಚ್ ನಿರ್ದೇಶಕ ಬರ್ಟ್ ಹಾನ್‌ಸ್ಟ್ರಾ ಅವರ ‘ಗ್ಲಾಸ್’. 1958ರ ಈ ಹನ್ನೊಂದು ನಿಮಿಷದ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಸಿಕ್ಕಿತು. ಒಂದು ಕಡೆ ಕೊಳವೆಗೆ ಕೆನ್ನೆಯುಬ್ಬಿಸಿ ಊದಿ ಗಾಜಿನ ಪಾತ್ರೆ ಮಾಡುವ ಕುಶಲಕರ್ಮಿಗಳು, ಇನ್ನೊಂದು ಕಡೆ ಬಾಟಲಿ ಉಗುಳುವ ಯಂತ್ರಗಳು. ಹಾನ್‌ಸ್ಟ್ರಾ ಬಿಟ್ಟದ್ದು ವಿವರಣೆಯ ಧ್ವನಿಯನ್ನು. ಆ ಕಾಲದ ಸಾಕ್ಷ್ಯಚಿತ್ರಕ್ಕೆ ಅದು ಉಸಿರೇ ಆಗಿತ್ತು. ಅದರ ಜಾಗಕ್ಕೆ ಅವರು ಕಟ್ ಅನ್ನು ತಂದರು. ಕುಶಲಕರ್ಮಿಗಳ ಕೈ, ಬಾಯಿ, ಬೆರಳಿನ ಚಲನೆಗಳನ್ನು ಜಾಝ್ ಸಂಗೀತದ ತಾಳಕ್ಕೆ ಎಷ್ಟು ನಿಖರವಾಗಿ ಕೂರಿಸಿದ್ದಾರೆಂದರೆ, ಊದುವವರು ಗಾಜು ಊದುತ್ತಿದ್ದಾರೋ ಸ್ಯಾಕ್ಸೊಫೋನೋ ಎಂಬ ಅನುಮಾನ ಬರುತ್ತದೆ. ಯಂತ್ರದ ಭಾಗಕ್ಕೆ ಬಂದಾಗ ತಾಳ ಗಟ್ಟಿಯಾಗುತ್ತದೆ, ಒಂದು ಧ್ವನಿ ಎಣಿಸುತ್ತ ಹೋಗುತ್ತದೆ. ಕತ್ತು ಮುರಿದ ಒಂದು ಬಾಟಲಿಯನ್ನು ಯಂತ್ರದ ಕೈ ಹಿಡಿಯಲಾಗದೆ ಬಿಡುತ್ತದೆ. ಹಿಂದಿನಿಂದ ಬಂದ ಬಾಟಲಿಗಳು ಅದಕ್ಕೆ ಬಡಿದು ಒಂದರ ಮೇಲೊಂದು ಒಡೆಯುತ್ತವೆ, ಯಂತ್ರಕ್ಕೆ ಏನೂ ಗೊತ್ತಿಲ್ಲ, ಮನುಷ್ಯನೊಬ್ಬ ಬಂದು ಕೈಹಾಕುವ ತನಕ. ಯಂತ್ರ ಮತ್ತು ಮನುಷ್ಯನ ಬಗ್ಗೆ ಒಂದು ಮಾತೂ ಆಡದೆ ಇಷ್ಟು ಸ್ಪಷ್ಟವಾಗಿ ವಾದ ಮಂಡಿಸಿದ ಇನ್ನೊಂದು ಚಿತ್ರ ನಾನು ನೋಡಿಲ್ಲ.

ಕಿಯರೊಸ್ತಮಿ ಸರಿಯೋ ಹಾನ್‌ಸ್ಟ್ರಾ ಸರಿಯೋ? ಪ್ರಶ್ನೆಯೇ ದಡ್ಡತನದ್ದು. ಹುಡುಗ-ನಾಯಿಯ ಭಯಕ್ಕೆ ದೂರ ಬೇಕು, ಕಟ್ ಅದನ್ನು ಕೊಲ್ಲುತ್ತದೆ. ಕೈಗೂ ಯಂತ್ರಕ್ಕೂ ಇರುವ ವ್ಯತ್ಯಾಸಕ್ಕೆ ತಾಳ ಬೇಕು, ಅದನ್ನು ಕಟ್ ಮಾತ್ರ ಕೊಡಬಲ್ಲದು.

ಕಾಲದ ವಿಷಯದಲ್ಲಿ ಕಿರುಚಿತ್ರಕ್ಕಿರುವ ಸ್ವಾತಂತ್ರ್ಯ ದೊಡ್ಡ ಚಿತ್ರಕ್ಕಿಲ್ಲ. ಫ್ರಾನ್ಸಿನಿಂದ 1962ರಲ್ಲಿ ಬಂದ ಎರಡು ಚಿತ್ರಗಳು ಇದಕ್ಕೆ ಸಾಕ್ಷಿ. ರಾಬೆರ್ ಆನ್ರಿಕೊ, ಅಮೆರಿಕದ ಲೇಖಕ ಆಂಬ್ರೋಸ್ ಬಿಯರ್ಸ್ ಬರೆದ ‘ಔಲ್ ಕ್ರೀಕ್ ಸೇತುವೆ’ಯ ಕಥೆಯನ್ನು ಅರ್ಧ ಗಂಟೆಯೊಳಗೆ ಚಿತ್ರಿಸಿದರು. ಅಂತರ್ಯುದ್ಧದ ಕಾಲ. ಸೇತುವೆಯ ಮೇಲೆ ಒಬ್ಬನನ್ನು ನೇಣಿಗೆ ಹಾಕುತ್ತಿದ್ದಾರೆ, ಹಗ್ಗ ಹರಿಯುತ್ತದೆ, ಅವನು ಹೊಳೆಗೆ ಬಿದ್ದು ಈಜಿ ಪಾರಾಗಿ ಕಾಡಿನಲ್ಲಿ ಓಡಿ ಹೆಂಡತಿಯ ಹತ್ತಿರ ತಲುಪುವಷ್ಟರಲ್ಲಿ ಕತ್ತು ಮುರಿದ ಸದ್ದು. ಇಡೀ ಓಟ ನಡೆದದ್ದು ಬೀಳುವ ಕ್ಷಣದಲ್ಲಿ, ಅವನ ತಲೆಯೊಳಗೆ. ಕೊನೆಯ ಆಘಾತಕ್ಕಾಗಿಯೇ ಈ ಚಿತ್ರವನ್ನು ನೆನಪಿಡುವವರು ಹೆಚ್ಚು. ಎರಡನೆಯ ಸಲ ನೋಡಿದರೆ ಆನ್ರಿಕೊ ಎಲ್ಲವನ್ನೂ ಮೊದಲೇ ಹೇಳಿಬಿಟ್ಟಿದ್ದಾರೆ ಎಂದು ತಿಳಿಯುತ್ತದೆ. ಹೊಳೆಯಿಂದ ಎದ್ದವನಿಗೆ ಎಲೆಯ ನರ, ಜೇಡ ಎಲ್ಲವೂ ಕಣ್ಣಿಗೆ ಅಂಟುವಷ್ಟು ಹತ್ತಿರದಿಂದ ಕಾಣುತ್ತವೆ, ಸೈನಿಕರ ಕೂಗು ಎಳೆದಂತೆ ನಿಧಾನವಾಗುತ್ತದೆ. ಹೆಂಡತಿಯ ಕಡೆಗೆ ಓಡುವ ದೃಶ್ಯದಲ್ಲಿ ಅವನು ಓಡುತ್ತಾನೆ, ಮತ್ತೆ ಓಡುತ್ತಾನೆ, ದಾರಿ ಮಾತ್ರ ಸವೆಯುವುದಿಲ್ಲ. ಸ್ಲೋ ಮೋಷನ್ ಇಲ್ಲಿ ಅಲಂಕಾರವಲ್ಲ, ಸುಳಿವು. ಕಾನ್‌ನಲ್ಲಿ ಕಿರುಚಿತ್ರದ ಪಾಮ್ ದೋರ್, ಮುಂದೆ ಆಸ್ಕರ್, ಅಮೆರಿಕದ ‘ಟ್ವಿಲೈಟ್ ಝೋನ್’ ಧಾರಾವಾಹಿಯಲ್ಲಿ ಪ್ರಸಾರ, ಎಲ್ಲವೂ ಇದಕ್ಕೆ ದಕ್ಕಿದವು. ಜೊತೆಗೆ ಒಂದು ಕೆಟ್ಟ ಪರಂಪರೆಯೂ ಶುರುವಾಯಿತು, ಅದರ ಮಾತು ಆಮೇಲೆ.

‘ಲಾ ಜೆಟೆ’ ಇನ್ನೂ ಮುಂದೆ ಹೋಗುತ್ತದೆ. 28 ನಿಮಿಷದ ವೈಜ್ಞಾನಿಕ ಕಲ್ಪನೆಯ ಕಥೆ, ಬಹುತೇಕ ಪೂರ್ತಿ ಸ್ತಬ್ಧ ಫೋಟೊಗಳಲ್ಲಿ. ಮೂರನೆಯ ಮಹಾಯುದ್ಧದಲ್ಲಿ ಪ್ಯಾರಿಸ್ ನಾಶವಾಗಿದೆ, ನೆಲಮಾಳಿಗೆಯಲ್ಲಿ ಬದುಕಿದವರು ಒಬ್ಬ ಕೈದಿಯನ್ನು ಕಾಲದಲ್ಲಿ ಹಿಂದಕ್ಕೆ ಕಳಿಸುತ್ತಾರೆ, ಚಿಕ್ಕಂದಿನಲ್ಲಿ ವಿಮಾನ ನಿಲ್ದಾಣದಲ್ಲಿ ಕಂಡ ಹೆಂಗಸೊಬ್ಬಳ ಮುಖ ಅವನ ಮನಸ್ಸಿನಲ್ಲಿ ಅಚ್ಚೊತ್ತಿದೆ. ನೆನಪು ಚಲಿಸುವುದಿಲ್ಲ, ತುಣುಕು ತುಣುಕಾಗಿ ನಿಂತಿರುತ್ತದೆ ಎಂದು ಮಾರ್ಕರ್ ವಾದಿಸಬೇಕಾಗಿಯೇ ಇಲ್ಲ, ಚಿತ್ರದ ರೂಪವೇ ಹಾಗಿದೆ. ಇಡೀ ಚಿತ್ರದಲ್ಲಿ ಒಂದೇ ಒಂದು ಕಡೆ ಚಲನೆ ಇದೆ. ಮಲಗಿರುವ ಹೆಂಗಸಿನ ಫೋಟೊಗಳು ಒಂದರಲ್ಲೊಂದು ಕರಗುತ್ತ ಹೋಗುತ್ತವೆ, ಹಕ್ಕಿಗಳ ಕಲರವ ಏರುತ್ತದೆ, ಅವಳು ಕಣ್ಣು ತೆರೆದು ರೆಪ್ಪೆ ಬಡಿಯುತ್ತಾಳೆ. ಕೆಲವೇ ಸೆಕೆಂಡು. ಕಣ್ಣು ಮಿಟುಕಿಸುವುದು ಸಿನಿಮಾದಲ್ಲಿ ಎಷ್ಟು ಅಗ್ಗದ ಕ್ರಿಯೆ! ಹದಿನೈದಿಪ್ಪತ್ತು ನಿಮಿಷ ನಮ್ಮನ್ನು ಚಲನೆಯಿಲ್ಲದೆ ಉಪವಾಸ ಕೆಡವಿದ್ದಕ್ಕೆ ಇಲ್ಲಿ ಮೈ ನವಿರೇಳುತ್ತದೆ. 1995ರಲ್ಲಿ ಹಾಲಿವುಡ್ ಇದರ ಎಳೆ ಹಿಡಿದು ‘12 ಮಂಕೀಸ್’ ಎಂಬ ಪೂರ್ಣ ಪ್ರಮಾಣದ ಚಿತ್ರ ಮಾಡಿತು. ಚೆನ್ನಾಗಿಯೇ ಇದೆ, ಆದರೆ ಆ ರೆಪ್ಪೆಬಡಿತ ಅಲ್ಲಿ ಸಾಧ್ಯವೇ ಇರಲಿಲ್ಲ.

ಲಾಟ್ವಿಯಾದ ಹರ್ಟ್ಸ್ ಫ್ರಾಂಕ್ 1978ರ ‘ಟೆನ್ ಮಿನಿಟ್ಸ್ ಓಲ್ಡರ್’ನಲ್ಲಿ ಕಟ್ ಅನ್ನು ಪೂರ್ತಿ ಬಿಟ್ಟರು. ಬೊಂಬೆಯಾಟ ನೋಡುತ್ತಿರುವ ಮಕ್ಕಳ ಗುಂಪಿನಲ್ಲಿ ಒಬ್ಬ ಚಿಕ್ಕ ಹುಡುಗನ ಮುಖವನ್ನು ಯೂರಿಸ್ ಪೊಡ್ನಿಯೆಕ್ಸ್ ಅವರ ಕ್ಯಾಮೆರಾ ಹತ್ತು ನಿಮಿಷ ಬಿಡದೆ ನೋಡುತ್ತದೆ. 35 ಎಂಎಂ ಫಿಲ್ಮಿನ ಸಾವಿರ ಅಡಿಯ ರೀಲು ಓಡುವುದು ಸುಮಾರು 11 ನಿಮಿಷ. ಚಿತ್ರದ ಅಳತೆ ಒಂದು ರೀಲಿನ ಅಳತೆ. ಬೊಂಬೆಗಳನ್ನು ನಮಗೆ ತೋರಿಸುವುದೇ ಇಲ್ಲ. ಹುಡುಗನ ತುಟಿ ನಡುಗುತ್ತದೆ, ಕಣ್ಣು ಅರಳುತ್ತದೆ, ಅಳು ಬರುತ್ತದೆ, ನಗು ಬರುತ್ತದೆ. ಒಳ್ಳೆಯದೂ ಕೆಟ್ಟದ್ದೂ ರಂಗದ ಮೇಲೆ ಹೊಡೆದಾಡುತ್ತಿರುವುದನ್ನು ನಾವು ಅವನ ಮುಖದ ಮೇಲೆಯೇ ನೋಡುತ್ತೇವೆ. ರಾತ್ರಿಯಿಡೀ ಯಕ್ಷಗಾನದ ರಂಗಸ್ಥಳದ ಮುಂದೆ ಕೂತ ಮಕ್ಕಳ ಮುಖ ನೋಡಿದವರಿಗೆ ಇದು ಹೊಸದಲ್ಲ. ಅದನ್ನು ಚಿತ್ರ ಮಾಡಬಹುದೆಂದು ಹೊಳೆದದ್ದು ಮಾತ್ರ ಫ್ರಾಂಕ್ ಅವರಿಗೆ.

ಬಣ್ಣದ ಬಗ್ಗೆ ಒಂದೇ ಉದಾಹರಣೆ ಸಾಕು. ಆಲ್ಬೆರ್ ಲಾಮೊರಿಸ್ ಅವರ ‘ಕೆಂಪು ಬಲೂನು’ 1956ರದು, ಕಿರುಚಿತ್ರಗಳ ವಿಭಾಗದ ಆಚೆಗೆ, ಮೂಲ ಚಿತ್ರಕಥೆಗಾಗಿ ಆಸ್ಕರ್ ಗೆದ್ದ ಏಕೈಕ ಕಿರುಚಿತ್ರ. ಪ್ಯಾರಿಸ್ಸಿನ ಮೆನಿಲ್‌ಮೊಂತಾಂ ಬಡಾವಣೆಯ ಬೂದು ಗೋಡೆ, ಬೂದು ಮೆಟ್ಟಿಲು, ಬೂದು ಆಕಾಶ; ಅವುಗಳ ನಡುವೆ ಒಂದು ಕೆಂಪು ಚುಕ್ಕೆ. ಬಲೂನನ್ನು ಸಣ್ಣ ದಾರಗಳಿಂದ ಆಡಿಸಿದ್ದಾರೆ ಎಂದು ಗೊತ್ತಿದ್ದೂ ಅದು ಹುಡುಗನನ್ನು ಹಿಂಬಾಲಿಸುತ್ತಿದೆ ಎಂದೇ ನಂಬುತ್ತೇವೆ. ಬಣ್ಣದ ಫಿಲ್ಮು ಕೈಲಿದ್ದೂ ಬಣ್ಣವನ್ನು ಒಂದೇ ವಸ್ತುವಿಗೆ ಮೀಸಲಿಟ್ಟದ್ದು ಅದರ ಗುಟ್ಟು. ಈಗಿನ ಕಲರ್ ಗ್ರೇಡಿಂಗ್ ತಂತ್ರಾಂಶಗಳಲ್ಲಿ ಗುಂಡಿ ಒತ್ತಿದರೆ ಸಿಗುವ ಕಿತ್ತಳೆ-ನೀಲಿ ಲೇಪ ಇದರ ಎದುರು ಎಷ್ಟು ಸೋಮಾರಿಯಾಗಿ ಕಾಣುತ್ತದೆ ನೋಡಿ.

ಭಾರತದ ಮಟ್ಟಿಗೆ ಕಿರುಚಿತ್ರ ಎಂದರೆ ಬಹುಕಾಲ ಫಿಲ್ಮ್ಸ್ ಡಿವಿಜನ್. 1948ರಲ್ಲಿ ಶುರುವಾದ ಈ ಸರ್ಕಾರಿ ಸಂಸ್ಥೆಯ ಚಿತ್ರಗಳನ್ನು ಚಿತ್ರಮಂದಿರಗಳು ಮುಖ್ಯ ಚಿತ್ರಕ್ಕೆ ಮೊದಲು ಕಡ್ಡಾಯವಾಗಿ ತೋರಿಸಬೇಕಿತ್ತು. ನಮ್ಮ ಟೆಂಟ್ ಟಾಕೀಸುಗಳಲ್ಲಿ ಅದು ಬೀಡಿ ಸೇದಲು, ಕಡಲೆಕಾಯಿ ಕೊಳ್ಳಲು ಇದ್ದ ಸಮಯ. ಅಣೆಕಟ್ಟು, ಕುಟುಂಬ ಯೋಜನೆ, ಮಂತ್ರಿಗಳ ಉದ್ಘಾಟನೆ. ವಿವರಣೆಯ ಗಡಸು ಧ್ವನಿ ಎಲ್ಲವನ್ನೂ ನಮಗೆ ಹೇಳಿಕೊಡುತ್ತಿತ್ತು. ಇಂಥ ಕಚೇರಿಯ ಒಳಗೇ 1960ರ ದಶಕದ ಕೊನೆಗೆ ಕೆಲವರು ಆ ಧ್ವನಿಯ ಬಾಯಿ ಮುಚ್ಚಿಸಿದರು. ಎಸ್.ಎನ್.ಎಸ್. ಶಾಸ್ತ್ರಿ 1967ರಲ್ಲಿ ‘ಐ ಆ್ಯಮ್ 20’ಯಲ್ಲಿ ಸ್ವಾತಂತ್ರ್ಯದ ವಯಸ್ಸಿನವರೇ ಆದ ಯುವಕ ಯುವತಿಯರ ಮುಂದೆ ಮೈಕು ಹಿಡಿದು ಅವರನ್ನೇ ಮಾತಾಡಿಸಿದರು. ಒಬ್ಬ ದೇಶದ ಬಗ್ಗೆ ಕನಸು ಕಾಣುತ್ತಾನೆ, ಇನ್ನೊಬ್ಬ ನನಗೇನೂ ಅನ್ನಿಸುವುದಿಲ್ಲ ಎನ್ನುತ್ತಾನೆ. ಇಬ್ಬರನ್ನೂ ಪಕ್ಕದಲ್ಲಿಟ್ಟು ಕತ್ತರಿಸಿದ ಸಂಕಲನವೇ ನಿರ್ದೇಶಕರ ಅಭಿಪ್ರಾಯ.

ಪ್ರಮೋದ್ ಪತಿ ನನ್ನ ವಾದಕ್ಕೆ ತೊಡಕು ತರುವ ನಿರ್ದೇಶಕರು, ಅದಕ್ಕೇ ಅವರನ್ನು ಬಿಡುವಂತಿಲ್ಲ. ಪ್ರಾಗ್‌ನಲ್ಲಿ ಬೊಂಬೆ ಅನಿಮೇಷನ್ ಕಲಿತು ಬಂದ ಇವರ ‘ಎಕ್ಸ್‌ಪ್ಲೋರರ್’ (1968) ಏಳೇ ನಿಮಿಷದ್ದು. ಕುಣಿಯುವ ಯುವಜನ, ದೇವರ ಪಟ, ಪ್ರಯೋಗಶಾಲೆ, ಅಕ್ಷರಗಳು ಕಣ್ಣು ಕುಕ್ಕುವ ವೇಗದಲ್ಲಿ ಬಂದು ಹೋಗುತ್ತವೆ, ವಿಜಯ ರಾಘವ ರಾವ್ ಅವರ ವಿಚಿತ್ರ ಶಬ್ದಗಳ ಸಂಗೀತ ಬೇರೆ. ಇಲ್ಲಿ ಏನನ್ನು ಬಿಟ್ಟಿದ್ದಾರೆ? ಎಲ್ಲವನ್ನೂ ತುಂಬಿದ್ದಾರೆ. ಬಿಟ್ಟದ್ದು ಕಥೆಯನ್ನು ಮಾತ್ರ ಎಂದು ಸಮಜಾಯಿಷಿ ಕೊಡಬಹುದು, ಆದರೆ ಅದು ವಾದವನ್ನು ಉಳಿಸಿಕೊಳ್ಳುವ ಜಾಣತನವಾದೀತು. ತುಂಬುವುದರಿಂದಲೂ ಒಳ್ಳೆಯ ಕಿರುಚಿತ್ರ ಆಗುತ್ತದೆ ಎಂದು ಒಪ್ಪಿಕೊಳ್ಳುವುದೇ ಲೇಸು. ಏಳು ನಿಮಿಷ ಅದನ್ನು ತಾಳಿಕೊಳ್ಳಬಹುದು, ಎಪ್ಪತ್ತು ನಿಮಿಷ ಆಗುತ್ತಿರಲಿಲ್ಲ. ಅವರದೇ ‘ಆಬಿದ್’ನಲ್ಲಿ (1972) ಕಲಾವಿದ ಆಬಿದ್ ಸುರ್ತಿ ಕೋಣೆಯೊಂದಕ್ಕೆ ಬಣ್ಣ ಬಳಿಯುತ್ತ ತಾನೇ ಬೊಂಬೆಯಂತೆ ಜಿಗಿದಾಡುತ್ತಾರೆ. ಮನುಷ್ಯರನ್ನು ಒಂದೊಂದು ಫ್ರೇಮಿಗೆ ನಿಲ್ಲಿಸಿ ತೆಗೆಯುವ ಈ ಪಿಕ್ಸಿಲೇಷನ್ ತಂತ್ರಕ್ಕೆ ದೊಡ್ಡ ಹೆಸರು ತಂದದ್ದು ಕೆನಡಾದ ನಾರ್ಮನ್ ಮೆಕ್‌ಲಾರೆನ್. ಅವರ ‘ನೇಬರ್ಸ್’ (1952) ಎಂಟು ನಿಮಿಷದಲ್ಲಿ, ಬೇಲಿಯ ಹತ್ತಿರ ಅರಳಿದ ಒಂದು ಹೂವಿಗಾಗಿ ಅಕ್ಕಪಕ್ಕದ ಮನೆಯವರು ಕೊಂದುಕೊಳ್ಳುವ ಕಥೆ ಹೇಳುತ್ತದೆ. ಕೊರಿಯಾ ಯುದ್ಧ ನಡೆಯುತ್ತಿದ್ದ ಹೊತ್ತು. ನಡೆಯುವ ಬದಲು ಹುಲ್ಲಿನ ಮೇಲೆ ಜಾರುವ ಮನುಷ್ಯರನ್ನು ನೋಡಿ ಮೊದಲು ನಗುತ್ತೇವೆ, ಅದೇ ಯಾಂತ್ರಿಕತೆಯಲ್ಲಿ ಅವರು ಮಕ್ಕಳನ್ನೂ ಹೊಡೆದಾಗ ನಗು ನಿಂತುಬಿಡುತ್ತದೆ.

ಕನ್ನಡದಲ್ಲಿ ಚಿಕ್ಕ ಅಳತೆಯ ಸಿನಿಮಾ ಬೇರೆ ವೇಷದಲ್ಲಿ ಬಂತು. ಪುಟ್ಟಣ್ಣ ಕಣಗಾಲ್ 1976ರ ‘ಕಥಾ ಸಂಗಮ’ದಲ್ಲಿ ಮೂರು ಸಣ್ಣಕಥೆಗಳನ್ನು ಒಂದೇ ಟಿಕೆಟಿನಲ್ಲಿ ಕೊಟ್ಟರು. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ನ ಎಷ್ಟೋ ಕಂತುಗಳು ತಮ್ಮಷ್ಟಕ್ಕೆ ಅಚ್ಚುಕಟ್ಟಾದ ಕಿರುಚಿತ್ರಗಳೇ, ಭಾಷೆ ಕನ್ನಡವಲ್ಲ ಅಷ್ಟೆ. 2019ರಲ್ಲಿ ರಿಷಬ್ ಶೆಟ್ಟಿ ಪುಟ್ಟಣ್ಣನವರಿಗೆ ಗೌರವವಾಗಿ ಅದೇ ಹೆಸರಿನಲ್ಲಿ ಏಳು ಹೊಸ ನಿರ್ದೇಶಕರ ಏಳು ಕಥೆಗಳನ್ನು ಕೂಡಿಸಿದರು.

ಆದರೆ ಕನ್ನಡದ ಕಿರುಚಿತ್ರ ಜಗತ್ತಿನ ಕಣ್ಣಿಗೆ ಬಿದ್ದದ್ದು 2024ರ ಮೇ ತಿಂಗಳಲ್ಲಿ. ಮೈಸೂರಿನಲ್ಲಿ ವೈದ್ಯಕೀಯ ಓದಿ ಸಿನಿಮಾಕ್ಕೆ ಬಂದ ಚಿದಾನಂದ ಎಸ್. ನಾಯಕ್ ಅವರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’, ಕಾನ್ ಉತ್ಸವದಲ್ಲಿ ಚಲನಚಿತ್ರ ಶಾಲೆಗಳ ವಿದ್ಯಾರ್ಥಿಗಳಿಗೆಂದೇ ಇರುವ ‘ಲಾ ಸಿನೆಫ್’ ವಿಭಾಗದ ಮೊದಲ ಬಹುಮಾನ ಗೆದ್ದಿತು. ಪುಣೆಯ ಚಲನಚಿತ್ರ ಶಾಲೆ ಎಫ್‌ಟಿಐಐನ ಒಂದು ವರ್ಷದ ಟೆಲಿವಿಷನ್ ಕೋರ್ಸಿನ ವರ್ಷಾಂತ್ಯದ ಚಿತ್ರ ಅದು. ಛಾಯಾಗ್ರಹಣ ಸೂರಜ್ ಠಾಕೂರ್, ಸಂಕಲನ ಮನೋಜ್ ವಿ., ಧ್ವನಿ ಅಭಿಷೇಕ್ ಕದಮ್, ಎಲ್ಲರೂ ಅಲ್ಲಿನ ವಿದ್ಯಾರ್ಥಿಗಳೇ. ಚಿತ್ರೀಕರಣಕ್ಕೆ ಸಿಕ್ಕದ್ದು ನಾಲ್ಕು ದಿನ. ಕಥೆ ನಮ್ಮಲ್ಲಿ ಅಜ್ಜಿಯರೇ ಹೇಳಿಕೊಂಡು ಬಂದದ್ದು: ಮುದುಕಿಯೊಬ್ಬಳು ಊರಿನ ಹುಂಜವನ್ನು ಎತ್ತಿಕೊಂಡು ಹೋಗುತ್ತಾಳೆ, ಕೂಗುವ ಹುಂಜವಿಲ್ಲದೆ ಊರಿಗೆ ಬೆಳಗೇ ಆಗುವುದಿಲ್ಲ.

ಇಲ್ಲಿ ಬಿಟ್ಟದ್ದು ಹಗಲನ್ನು. ಹದಿನಾರು ನಿಮಿಷವೂ ರಾತ್ರಿ. ದುಡ್ಡಿಲ್ಲದ ವಿದ್ಯಾರ್ಥಿ ಚಿತ್ರಕ್ಕೆ ರಾತ್ರಿಯ ಹೊರಾಂಗಣ ಎಂದರೆ ಎಲ್ಲರೂ ಕೈಮುಗಿಯುವ ಕೆಲಸ. ದೀಪ ಬೇಕು, ಜನರೇಟರ್ ಬೇಕು, ಬೆಳಗಾಗುವುದರೊಳಗೆ ಮುಗಿಸಬೇಕು, ಎಷ್ಟೇ ಮಾಡಿದರೂ ಹಿನ್ನೆಲೆ ಕಪ್ಪು ಗೋಡೆಯಾಗಿಬಿಡುತ್ತದೆ. ಆದರೆ ಈ ಕಥೆಯನ್ನು ಹಗಲಿನಲ್ಲಿ ತೆಗೆಯಲು ಬರುವುದಿಲ್ಲ. ಪ್ರೇಕ್ಷಕನೂ ಊರಿನವರ ಜೊತೆ ಬೆಳಕಿಗೆ ಹಂಬಲಿಸಬೇಕಾದರೆ ಅವನಿಗೂ ಬೆಳಕನ್ನು ನಿರಾಕರಿಸಬೇಕು. ಜನಪದ ಕಥೆಯನ್ನು ಸಿನಿಮಾ ಮಾಡುವಾಗ ನಮ್ಮಲ್ಲಿ ವೇಷಭೂಷಣ, ಕಂಸಾಳೆ, ಡೊಳ್ಳು ತುಂಬಿಸುವ ಚಾಳಿ ಇದೆ. ಈ ಚಿತ್ರ ಆ ದಾರಿ ಹಿಡಿಯದೆ,  ಕಥೆಯ ಒಂದೇ ಷರತ್ತನ್ನು, ಸೂರ್ಯ ಹುಟ್ಟುವುದಿಲ್ಲ ಎಂಬುದನ್ನು, ಛಾಯಾಗ್ರಹಣದ ಷರತ್ತಾಗಿ ಒಪ್ಪಿಕೊಂಡಿತು. ಕಥೆಗೂ ತಂತ್ರಕ್ಕೂ ನಡುವೆ ಹೊಲಿಗೆ ಕಾಣದಿರುವುದು ಹೀಗೆ.

ಈಗಿನ ಪರಿಸ್ಥಿತಿಗೆ ಬರೋಣ. ಫೋನಿನಲ್ಲಿ ಚಿತ್ರ ತೆಗೆಯಬಹುದು, ಲ್ಯಾಪ್‌ಟಾಪಿನಲ್ಲಿ ಕತ್ತರಿಸಬಹುದು, ಯೂಟ್ಯೂಬಿನಲ್ಲಿ ಸಂಜೆಗೇ ಬಿಡುಗಡೆ ಮಾಡಬಹುದು. ಇದು ಸಣ್ಣ ಮಾತಲ್ಲ. ಶಿರಸಿಯ, ರಾಯಚೂರಿನ ಹುಡುಗರಿಗೆ ಗಾಂಧಿನಗರದ ಬಾಗಿಲು ಕಾಯುವ ಕೆಲಸ ತಪ್ಪಿದೆ. ಆದರೆ ಎಲ್ಲವೂ ಕೈಗೆ ಸಿಕ್ಕಿದ್ದರಿಂದ ಯಾವುದನ್ನೂ ಬಿಡಲು ಮನಸ್ಸು ಬಾರದಾಗಿದೆ. ಅಜ್ಜಿ ಒಲೆ ಊದುವುದಕ್ಕೆ ಮೊದಲು ಊರಿನ ಮೇಲೆ ಡ್ರೋನ್ ಹಾರಲೇಬೇಕು. ಯಾರಾದರೂ ತಿರುಗಿ ನೋಡಿದರೆ ಸ್ಲೋ ಮೋಷನ್. ಬೇಸರಕ್ಕೆ ಪಿಯಾನೊ, ಹಳ್ಳಿಗೆ ಕೊಳಲು, ಎರಡೂ ಉಚಿತ ಸಂಗೀತದ ಭಂಡಾರದಿಂದ. ಸಾರಿಗಿಂತ ಒಗ್ಗರಣೆಯೇ ಹೆಚ್ಚಾದ ಹಾಗೆ. ದೃಶ್ಯದ ಗುಣಮಟ್ಟ ಹತ್ತು ವರ್ಷದಲ್ಲಿ ಕಣ್ಣಿಗೆ ಕಾಣುವಷ್ಟು ಸುಧಾರಿಸಿದೆ, ಶಬ್ದದ್ದು ಮಾತ್ರ ಇದ್ದಲ್ಲೇ ಇದೆ. ಹೊರಾಂಗಣದಲ್ಲಿ ನಿಂತವರ ಮಾತು ಕೋಣೆಯೊಳಗಿನಿಂದ ಬಂದಂತೆ ಕೇಳುತ್ತದೆ, ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಸದ್ದೇ ಇರುವುದಿಲ್ಲ. ಕ್ಯಾಮೆರಾ ಬಾಡಿಗೆಗೆ ಸಾಲ ಮಾಡುವವರು ಒಂದು ಒಳ್ಳೆಯ ಮೈಕಿಗೆ ಖರ್ಚು ಮಾಡಲು ಹಿಂಜರಿಯುತ್ತಾರೆ.

ಇನ್ನು ಟ್ವಿಸ್ಟು. ಆನ್ರಿಕೊ ಚಿತ್ರದ ಕೆಟ್ಟ ಪರಂಪರೆ ಎಂದದ್ದು ಇದನ್ನೇ. ಕೊನೆಯ ಮೂವತ್ತು ಸೆಕೆಂಡಿನಲ್ಲಿ ಎಲ್ಲವೂ ಕನಸಾಗಿತ್ತು, ಮಾತಾಡುತ್ತಿದ್ದವಳು ಸತ್ತುಹೋಗಿದ್ದಳು, ಒಳ್ಳೆಯವನೇ ಕೊಲೆಗಾರ. ಆನ್ರಿಕೊ ಅರ್ಧ ಗಂಟೆ ಕಟ್ಟಿದ ಸುಳಿವುಗಳನ್ನು ಬಿಟ್ಟು ಕೊನೆಯ ಪೆಟ್ಟನ್ನು ಮಾತ್ರ ನಕಲು ಮಾಡಿದರೆ ಆಗುವುದು ಹೀಗೆಯೇ. ಎರಡನೆಯ ಸಲ ನೋಡಿದಾಗ ಮೊದಲಿಗಿಂತ ಹೆಚ್ಚು ಕಾಣಿಸದ ಟ್ವಿಸ್ಟ್ ಬರೀ ಒಗಟು, ಉತ್ತರ ಗೊತ್ತಾದ ಮೇಲೆ ಅದಕ್ಕೆ ಬೆಲೆಯಿಲ್ಲ.

ನೋಡುವುದನ್ನು ಕಲಿಸುವ ಕೆಲಸ ಕನ್ನಡದಲ್ಲಿ ಒಮ್ಮೆ ಗಂಭೀರವಾಗಿಯೇ ನಡೆದಿತ್ತು. ಹೆಗ್ಗೋಡಿನ ನೀನಾಸಂನಲ್ಲಿ ಕೆ.ವಿ. ಸುಬ್ಬಣ್ಣ ಚಿತ್ರಸಮಾಜ ಕಟ್ಟಿ ರಸಗ್ರಹಣ ಶಿಬಿರಗಳನ್ನು ನಡೆಸಿದರು, ಪುಣೆಯಿಂದ ಸಿನಿಮಾ ಪ್ರಾಧ್ಯಾಪಕ ಸತೀಶ್ ಬಹಾದುರ್ ಬಂದು ಶಾಟು ಶಾಟಾಗಿ ಸಿನಿಮಾ ಬಿಡಿಸಿ ತೋರಿಸುತ್ತಿದ್ದರು. ಅಡಿಕೆ ತೋಟದವರು, ಮೇಷ್ಟರು, ಗೃಹಿಣಿಯರು ಕೂತು ‘ಪಥೇರ್ ಪಾಂಚಾಲಿ’ಯ ಚೌಕಟ್ಟಿನ ಬಗ್ಗೆ ವಾದಿಸಿದರು. ಆಗ ಪ್ರಿಂಟು ತರಿಸಲು ಪತ್ರ ಬರೆದು ಕಾಯಬೇಕಿತ್ತು. ಈಗ ಒಂದು ಗಂಟೆಯ ಕಾಲೇಜು ಪೀರಿಯಡ್ಡಿನಲ್ಲಿ ‘ಟು’ವನ್ನು ಎರಡು ಸಲ ತೋರಿಸಿ, ಒಂದು ಸಲ ಶಬ್ದ ಹಾಕಿ, ಒಂದು ಸಲ ಶಬ್ದ ತೆಗೆದು, ಚರ್ಚೆಗೂ ಸಮಯ ಉಳಿಸಿಕೊಳ್ಳಬಹುದು.

ಕಿರುಚಿತ್ರ ಸ್ಪರ್ಧೆ ನಡೆಸುವ ಕಾಲೇಜುಗಳಿಗೂ ಸಂಘಗಳಿಗೂ ನನ್ನದೊಂದು ವಿನಂತಿ: ತೀರ್ಪುಗಾರರ ಹಾಳೆಯಿಂದ ಹತ್ತತ್ತು ಅಂಕದ ಕಾಲಂಗಳನ್ನು ತೆಗೆದುಹಾಕಿ. ಅರ್ಜಿಯಲ್ಲಿ ನಿರ್ದೇಶಕರಿಗೆ ಒಂದೇ ಪ್ರಶ್ನೆ ಕೇಳಿ, ನೀವು ಏನನ್ನು ಬಿಟ್ಟಿರಿ, ಯಾಕೆ ಬಿಟ್ಟಿರಿ ಎಂದು. ಬಹುಮಾನಕ್ಕೆ ಮೊದಲು ಆ ಉತ್ತರವನ್ನು ಸಭೆಯಲ್ಲಿ ಓದಿಸಿ, ಆಮೇಲೆ ಚಿತ್ರ ತೋರಿಸಿ.